ಹದಿನೆಂಟರ ಹೊಸ್ತಿಲಲ್ಲಿ

ಅನಾಥ ಮಗುವಿಗೆ ಆಶ್ರಯ ನೀಡುವ ಸಮಾಜ, ಆ ಮಗು ಬೆಳೆದ ಮೇಲೆ ಎಲ್ಲಿಗೆ ಹೋಗುವುದೆಂದು ಕೇಳುವುದು ವಿರಳ. ಈ ಮರೆವಿನ ಬೆಲೆಯನ್ನು ನಾವು ಅಮೆರಿಕದ ಚರಿತ್ರೆಯಲ್ಲಿ ಕಾಣುತ್ತೇವೆ.

1899ರಲ್ಲಿ ಚಿಕಾಗೋದಲ್ಲಿ ಆ ದೇಶದ ಮೊದಲ ಬಾಲ ನ್ಯಾಯಾಲಯ ಸ್ಥಾಪನೆಯಾಯಿತು. ತಪ್ಪಿದ ಮಗುವನ್ನು ತಿದ್ದಬೇಕು, ನಿರ್ಗತಿಕ ಮಗುವನ್ನು ಸಲಹಬೇಕು ಎಂಬುದು ಅದರ ಆಶಯ. ಆದರೆ ಸಾಕು ಕುಟುಂಬಗಳಲ್ಲಿ ಬೆಳೆದವರಿಗೆ ಸರಕಾರದ ಪೋಷಣೆ ಬಹುತೇಕ ಕಡೆ ಹದಿನೆಂಟಕ್ಕೆ ನಿಲ್ಲುತ್ತಿತ್ತು. ಸುಧಾರಣಾಗೃಹದಿಂದ ಬಿಡುಗಡೆಯಾದ ಅನೇಕರಿಗೂ ಮರಳಲು ಮನೆಯಿರಲಿಲ್ಲ. ಹೀಗೆ ಎಷ್ಟೋ ಯುವಜನರು ಬೀದಿಪಾಲಾದರು.

ಸ್ವಾವಲಂಬನೆಗೆ ಸಜ್ಜುಗೊಳಿಸಲು ರಾಜ್ಯಗಳಿಗೆ ನೀಡುತ್ತಿದ್ದ ವಾರ್ಷಿಕ ನೆರವನ್ನು 1999ರ ಕಾಯಿದೆಯು 7 ಕೋಟಿಯಿಂದ 14 ಕೋಟಿ ಡಾಲರಿಗೆ ಏರಿಸಿತು. ಅದರಲ್ಲಿ ಶೇ. 30ರಷ್ಟನ್ನು, ಪೋಷಣೆಯಿಂದ ಹೊರಬಂದ 18ರಿಂದ 21 ವರ್ಷದೊಳಗಿನವರ ಊಟ-ವಸತಿಗೆ ಬಳಸಬಹುದಾಯಿತು. 2008ರ ಕಾಯಿದೆಯು ಪೋಷಣೆಯನ್ನು 21ರವರೆಗೆ ಮುಂದುವರಿಸುವ ರಾಜ್ಯಗಳಿಗೆ ಕೇಂದ್ರದ ಹಣವನ್ನು ಒದಗಿಸಿತು. ಹೊರಹೋಗುವ ಮುಂಚಿನ 90 ದಿನಗಳಲ್ಲಿ ವಸತಿಯೂ ಸೇರಿದಂತೆ ಮುಂದಿನ ಬಾಳಿನ ಯೋಜನೆ ರೂಪಿಸುವುದನ್ನು ಕಡ್ಡಾಯಗೊಳಿಸಿತು.

ಆದರೂ ಇವು ಮುಖ್ಯವಾಗಿ ಸಾಕು ಕುಟುಂಬ ವ್ಯವಸ್ಥೆಯ ಮಕ್ಕಳಿಗಾಗಿ ರಚಿತವಾದ ಕಾಯಿದೆಗಳು. ಸುಧಾರಣಾಗೃಹದಿಂದ ನೇರವಾಗಿ ಹೊರಬಂದವರು ಬಹುಮಟ್ಟಿಗೆ ಈ ನೆರಳಿನಿಂದ ಹೊರಗುಳಿದರು.

ನಾವು ಹೆತ್ತ ಮಕ್ಕಳಿಗೆ ಹದಿನೆಂಟು ತುಂಬಿದ ದಿನ ನಾವು ಮನೆಯ ಬಾಗಿಲು ಮುಚ್ಚುವುದಿಲ್ಲ. ಹಾಗಿರುವಾಗ, ಬೇರೆ ಬಾಗಿಲೇ ಇಲ್ಲದ ಮಕ್ಕಳಿಗೆ ಅದನ್ನು ಮುಚ್ಚುವುದು ಯಾವ ನ್ಯಾಯ?