ಕಲ್ಲು ನಿಂತ ಜಾಗವೂ ಶಾಸನವೇ: ತಾಳಗುಂದ ಸೀಮೆಯಲ್ಲಿ ಸೈಕಲ್ ಸುತ್ತಾಟ

ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ ಸಂಪುಟಗಳನ್ನು ತಿರುವಿ ಹಾಕಿದವರಿಗೆ ಗೊತ್ತಿರುತ್ತೆ, ಪ್ರತಿ ಶಾಸನಪಾಠದ ತಲೆಯ ಮೇಲೆ ಸಣ್ಣದೊಂದು ಸಾಲು ಇರುತ್ತದೆ. ಇಂಥ ಗ್ರಾಮದ ಇಂಥ ಗುಡಿಯ ಮುಂದೆ ನೆಟ್ಟ ಕಲ್ಲು, ಅದೇ ಊರಿನ ಕೆರೆ ಏರಿಯ ಮೇಲಿನ ವೀರಗಲ್ಲು, ಇಂಥವರ ಹೊಲದಲ್ಲಿರುವ ಕಲ್ಲು, ಹೀಗೆ. ಅದರ ಜೊತೆಗೆ ಕಲ್ಲಿನ ಅಳತೆ. ಶಾಸನ ಓದೋದನ್ನ ಕಲಿಯೋಕೆ ಶುರುಮಾಡಿದ ಮೊದಲ ನಾಲ್ಕೈದು ವರ್ಷ ನಾನು ಆ ಸಾಲನ್ನು ಓದಿದವನೇ ಅಲ್ಲ. ಕಣ್ಣು ಸೀದಾ ‘ಸ್ವಸ್ತಿ’ಗೆ ಹೋಗುತ್ತಿತ್ತು. ಅಕ್ಷರ ಮುಖ್ಯ, ಜಾಗ ಕಟ್ಕೊಂಡು ಏನಾಗ್ಬೇಕು ಅನ್ನೋ ಧೋರಣೆ. ಅದಕ್ಕೆ ತೆತ್ತ ಬೆಲೆಯನ್ನು ಮುಂದೆ ಹೇಳುತ್ತೇನೆ.

ಕಳೆದ ಡಿಸೆಂಬರಿನಲ್ಲಿ ಮೂರು ದಿನ ರಜೆ ಹಾಕಿ ಶಿಕಾರಿಪುರದಿಂದ ಶಿರಾಳಕೊಪ್ಪ, ಬಳ್ಳಿಗಾವಿ, ತಾಳಗುಂದ, ಮಳವಳ್ಳಿ ಕಡೆ ಸೈಕಲ್ಲಿನಲ್ಲಿ ಸುತ್ತಿದೆ. (ಈ ಮಳವಳ್ಳಿ ಮಂಡ್ಯ ಜಿಲ್ಲೆಯದಲ್ಲ, ಶಿಕಾರಿಪುರ ತಾಲ್ಲೂಕಿನ ಹಳ್ಳಿ.) ಇದೇ ಊರುಗಳನ್ನು ಹಿಂದೆ ಕಾರಿನಲ್ಲಿ ಒಂದೇ ದಿನದಲ್ಲಿ ಮುಗಿಸಿದ್ದೆ. ಇಳಿ, ಫೋಟೋ ಹೊಡಿ, ಹತ್ತು. ಮನೆಗೆ ಬಂದು ನೋಡಿದರೆ ಯಾವ ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿತ್ತು ಅನ್ನೋದೂ ನೆನಪಿರಲಿಲ್ಲ.

ಅರೆಮಲೆನಾಡಿನ ಈ ಸೀಮೆಯಲ್ಲಿ ದೊಡ್ಡ ಘಾಟಿಗಳಿಲ್ಲ. ಆದರೆ ಸಮತಟ್ಟು ಅನ್ನೋದೂ ಇಲ್ಲ. ದಿಬ್ಬ ಹತ್ತಬೇಕು, ತಗ್ಗಿಗೆ ಇಳಿಯಬೇಕು, ತಗ್ಗಿನಲ್ಲೊಂದು ಕೆರೆ, ಅದರ ಏರಿಯ ಮೇಲೆ ದಾರಿ, ಮತ್ತೆ ದಿಬ್ಬ. ಕಾರಿನಲ್ಲಿ ಕೂತವನಿಗೆ ಇದೆಲ್ಲ ಒಂದೇ ಮಟ್ಟ. ನೂರು ಮೀಟರಿಗೆ ಎರಡು ಮೀಟರ್ ಏರಿದರೂ ಪೆಡಲ್ ತುಳಿಯುವ ಮೊಣಕಾಲಿಗೆ ಗೊತ್ತಾಗುತ್ತದೆ. ಎರಡನೇ ದಿನದ ಹೊತ್ತಿಗೆ ಮಳೆನೀರು ಎಲ್ಲಿಂದ ಎಲ್ಲಿಗೆ ಹರಿದು ಯಾವ ಕೆರೆ ಸೇರುತ್ತೆ ಅಂತ ನಕ್ಷೆ ನೋಡದೇ ಹೇಳಬಲ್ಲವನಾಗಿದ್ದೆ. ಶಾಸನ ಓದುವವರಿಗೆ ಇದು ಸಣ್ಣ ಲಾಭವಲ್ಲ. ನಮ್ಮ ದಾನಶಾಸನಗಳ ಅರ್ಧ ಮಾತು ನೀರಿನದೇ: ಕೆರೆ, ತೂಬು, ಕೋಡಿ, ಹಳ್ಳ, ಗದ್ದೆ, ಬೆದ್ದಲು.

ಇನ್ನೊಂದು ಲಾಭವೂ ಆಯ್ತು. ಕಾರಿನಲ್ಲಿ ಬಂದು ಕಲ್ಲು ಕೆದಕುವವರನ್ನು ಹಳ್ಳಿಯವರು ನಿಧಿ ಹುಡುಕೋರು ಅಂತಲೇ ನೋಡುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ತಲೆಗೂದಲು ನರೆತವನೊಬ್ಬ ಬೆವರು ಸುರಿಸಿಕೊಂಡು ಸೈಕಲ್ ತಳ್ಳಿಕೊಂಡು ಬಂದರೆ ಕನಿಕರ ಮೂಡುತ್ತೆ. “ಯಾಕ್ರೀ ಸಾರ್, ಬಸ್ ಸಿಗ್ಲಿಲ್ವಾ?” ಅಂತ ಕೇಳಿ ನೀರು ಕೊಟ್ಟ ಮೇಲೆ ಅವರೇ “ನಮ್ಮ ಹೊಲದಾಗೂ ಒಂದು ಬರದ ಕಲ್ಲು ಐತಿ, ಬರ್ರಿ” ಅಂದರು. ಹಾಗೆ ನೋಡಿದ ಎರಡು ಕಲ್ಲುಗಳಲ್ಲಿ ಒಂದು ಬರೀ ಲಿಂಗಮುದ್ರೆ ಕಲ್ಲು, ಇನ್ನೊಂದು ವೀರಗಲ್ಲು. ಅಕ್ಷರ ಎರಡರಲ್ಲೂ ಇರಲಿಲ್ಲ. ಆದರೂ ಲಿಂಗಮುದ್ರೆ ಕಲ್ಲು ಇವತ್ತಿಗೂ ಇಬ್ಬರ ಹೊಲದ ಬದುವಿನ ಮೇಲೇ ನಿಂತಿದೆ. ಗಡಿ ತೋರಿಸಲು ನೆಟ್ಟ ಕಲ್ಲು ಗಡಿಯನ್ನೇ ತೋರಿಸುತ್ತಾ ಇದೆ.

ಬಳ್ಳಿಗಾವಿಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಉದ್ದ ಮಾಡಲ್ಲ. ಕೇದಾರೇಶ್ವರದ ಕೋಡಿಯ ಮಠದ 1162ರ ಶಾಸನ ನಿಮಗೆ ಗೊತ್ತಿರುವುದೇ. ವೇದ, ವ್ಯಾಕರಣ, ದರ್ಶನಗಳ ಪಾಠ, ಬಡವರಿಗೆ ಕುರುಡರಿಗೆ ಅನ್ನ, ರೋಗಿಗಳಿಗೆ ಔಷಧ, ಎಲ್ಲ ಜೀವಿಗಳಿಗೂ ಅಭಯ ಅಂತ ಪಟ್ಟಿ ಕೊಡುವ ಶಾಸನ ಅದು. ಪಾಠ ಬಾಯಿಗೆ ಬರುವಷ್ಟು ಸಲ ಓದಿದ್ದೆ. ಆದರೆ ‘ಕೋಡಿಯ’ ಅನ್ನೋ ಪದದ ಮೇಲೆ ಒಂದು ಸಲವೂ ನಿಂತಿರಲಿಲ್ಲ. ಕೆರೆಯ ಕೋಡಿಯ ಬಳಿ ಇದ್ದ ಮಠ, ಅಷ್ಟೇ. ಈ ಸಲ ಕೆರೆ ಕಡೆಯಿಂದ ಗುಡಿಯ ಕಡೆಗೆ ನಿಧಾನ ಬರುವಾಗ ಮಾತ್ರ ಆ ಹೆಸರು ಹೆಸರಾಗಿ ಉಳಿಯದೆ ಒಂದು ದಾರಿಯಾಯಿತು.

ತಾಳಗುಂದದಲ್ಲಿ ಅರ್ಧ ದಿನ ಕಳೆದೆ. ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಶಾಸನ, ಶಿಕಾರಿಪುರ 176. ಎಂಟು ಮೂಲೆಯ ಕಂಬದಲ್ಲಿ ಸಾಲುಗಳು ಅಡ್ಡಕ್ಕಲ್ಲ, ಕೆಳಗಿನಿಂದ ಮೇಲಕ್ಕೆ ಹೋಗುತ್ತವೆ. ಓದಬೇಕಾದರೆ ಕತ್ತು ವಾಲಿಸಿಕೊಂಡು ಕಂಬದ ಸುತ್ತ ತಿರುಗಬೇಕು. ಮಯೂರಶರ್ಮ ಕಂಚಿಯ ಘಟಿಕೆಗೆ ಓದಲು ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾದದ್ದು, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು, ಇಷ್ಟು ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ಪಠ್ಯಪುಸ್ತಕ ಹೇಳದ್ದು ಏನಂದ್ರೆ, ಆ ಶಾಸನವನ್ನು ಬರೆಸಿದ್ದು ಮಯೂರಶರ್ಮನ ಕಥೆ ಹೇಳಲಿಕ್ಕಲ್ಲ. ಹಿಂದೆ ಸಾತಕರ್ಣಿ ಮೊದಲಾದ ಅರಸರು ಪೂಜಿಸಿದ ಶಿವನ ಗುಡಿಯ ಬಳಿ ಕಾಕುಸ್ಥವರ್ಮ ಒಂದು ದೊಡ್ಡ ಕೆರೆ ತೋಡಿಸಿದ, ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಕಾವ್ಯ ಕಟ್ಟಿ ತಾನೇ ಕಲ್ಲಿನ ಮೇಲೆ ಬರೆದ. ಕದಂಬರ ವಂಶದ ಕಥೆಯೆಲ್ಲ ಕೆರೆಗೆ ಪೀಠಿಕೆ. ನಾವು ಪೀಠಿಕೆಯನ್ನೇ ಗ್ರಂಥ ಮಾಡಿಕೊಂಡಿದ್ದೇವೆ. ಆ ಕಂಬವನ್ನು ಯಾರಾದರೂ ಎಲ್ಲೋ ದೂರದ ಮ್ಯೂಸಿಯಂಗೆ ಸಾಗಿಸಿದ್ದರೆ ಪದ್ಯ ಉಳಿಯುತ್ತಿತ್ತು, ಆದರೆ ಪದ್ಯ ಕಟ್ಟಿದ ಕಾರಣ ಹೋಗುತ್ತಿತ್ತು.

ಮಳವಳ್ಳಿಯ ಕಂಬ ಇದಕ್ಕಿಂತ ಹಳೆಯದು. ಅದರ ಮೇಲೆ ಎರಡು ಶಾಸನಗಳಿವೆ, 263 ಮತ್ತು 264. ಮೊದಲನೆಯದು ವೈಜಯಂತಿಯ, ಅಂದರೆ ಬನವಾಸಿಯ, ಚುಟುಕುಲದ ಸಾತಕರ್ಣಿ ‘ಮಳಪಳಿ ದೇವ’ನಿಗೆ ಕೊಟ್ಟ ದತ್ತಿ. ಎರಡನೆಯದು ಕದಂಬ ಅರಸನದು. ಹಿಂದೆ ಕೊಟ್ಟು ಕೈಬಿಟ್ಟು ಹೋಗಿದ್ದ ದತ್ತಿಯನ್ನು ಎರಡನೇ ಸಲ ಕೊಟ್ಟೆ ಅನ್ನುತ್ತದೆ. ಎರಡೂ ಪ್ರಾಕೃತದ ಶಾಸನಗಳು, ದೇವರೂ ಒಂದೇ, ಕಲ್ಲೂ ಒಂದೇ. ರಾಜವಂಶ ಬದಲಾಯಿತು, ಹೊಸ ಅರಸ ಹೊಸ ಕಂಬ ತರಿಸಲಿಲ್ಲ, ಹಳೆಯ ಕಂಬದ ಹತ್ತಿರ ಬಂದ. ಯಾಕೆ ಅಂತ ಕಚೇರಿಯ ಭಾಷೆಯಲ್ಲಿ ಹೇಳಬೇಕೆಂದರೆ, ಆ ಕಂಬವೇ ಆ ಜಮೀನಿನ ಪಹಣಿ. ಪಹಣಿ ಇರುವ ಕಡೆಗೇ ಮ್ಯುಟೇಷನ್ ಬರೆಯಬೇಕಲ್ಲ! ಸಂಪುಟದಲ್ಲಿ ತಾಳಗುಂದದ ಕಂಬಕ್ಕೂ ಇದಕ್ಕೂ ಎಂಬತ್ತೇಳು ಸಂಖ್ಯೆಗಳ ಅಂತರ. ನೆಲದ ಮೇಲೆ ಸೈಕಲ್ಲಿನಲ್ಲಿ ಹೋದರೆ ಎರಡೂ ಒಂದೇ ಬೆಳಗಿನ ಸುತ್ತಿಗೆ ಸಿಗುತ್ತವೆ.

ಈಗ ನನ್ನ ಕಥೆ. ಇದೇ ಸೀಮೆಯ ಒಂದು ಹಳ್ಳಿ, ಹೆಸರು ಬೇಡ. ಆರು ವರ್ಷದ ಹಿಂದೆ ಅಲ್ಲೊಂದು ದಾನಶಾಸನ ನೋಡಿದ್ದೆ. ಹೊಲದ ಬದುವಿನಲ್ಲಿ ಅರ್ಧ ಹೂತು ವಾಲಿಕೊಂಡಿತ್ತು. ರೈತರು ಅಡಿಕೆ ತೋಟ ಮಾಡಲು ಜೆಸಿಬಿ ತರಿಸುವವರಿದ್ದರು. ಒಡೆದು ಹೋದೀತು ಅಂತ ಗಾಬರಿಯಾಗಿ ಊರಿನ ಹುಡುಗರನ್ನು ಸೇರಿಸಿ, ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಹೇರಿ, ಗುಡಿಯ ಅಂಗಳದಲ್ಲಿ ಸಿಮೆಂಟ್ ಹಾಕಿ ನೆಟ್ಟಗೆ ನಿಲ್ಲಿಸಿಬಿಟ್ಟೆವು. ಇಲಾಖೆಗೆ ಒಂದು ಪತ್ರ ಬರೆಯಬೇಕು ಅಂತಲೂ ಹೊಳೆಯಲಿಲ್ಲ. ಹುಡುಗರು ತೆಂಗಿನಕಾಯಿ ಒಡೆದರು. ನಾನು ಕಲ್ಲಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆ. ‘ಅಪ್ರಕಟಿತ ಶಾಸನ ಪತ್ತೆ’ ಅಂತ ನಾಲ್ಕು ಕಡೆ ಹಂಚಿಯೂ ಆಯ್ತು.

ಅಪ್ರಕಟಿತ ಏನೂ ಅಲ್ಲ. 1902ರಲ್ಲೇ ಅಚ್ಚಾಗಿತ್ತು. ಬಿ. ಎಲ್. ರೈಸ್ ಅವರ ಏಳನೇ ಸಂಪುಟದಲ್ಲಿ ಎರಡು ವರ್ಷದ ನಂತರ ಬೇರೇನೋ ಹುಡುಕುವಾಗ ಸಿಕ್ಕಿತು. ಮೇಲಿನ ಸಣ್ಣ ಸಾಲಿನಲ್ಲಿ ಇದ್ದದ್ದು ಊರ ಪಶ್ಚಿಮಕ್ಕೆ ಹೊಲದ ಬದುವಿನ ಕಲ್ಲು ಅಂತ ಮಾತ್ರ. ಅವಮಾನ ಅದಲ್ಲ, ಅದು ಎಲ್ಲ ಹವ್ಯಾಸಿಗಳಿಗೂ ಒಂದಲ್ಲ ಒಂದು ಸಲ ಆಗುವಂಥದ್ದು. ಮಣ್ಣಿನಲ್ಲಿ ಹೂತಿದ್ದ ಕೊನೆಯ ಸಾಲುಗಳನ್ನು ಆವತ್ತು ನಾನು ಸರಿಯಾಗಿ ಓದಿರಲಿಲ್ಲ. ಸಂಪುಟದ ಪಾಠದಲ್ಲಿ ಅವು ಸ್ಪಷ್ಟವಾಗಿದ್ದವು: ದಾನ ಕೊಟ್ಟ ಭೂಮಿಯ ಗಡಿ ಶುರುವಾಗುವುದೇ ಆ ಕಲ್ಲಿನಿಂದ. ಅಲ್ಲಿಂದ ಮೂಡಲಿಗೆ ಹಳ್ಳ, ಹಳ್ಳದಿಂದ ತೆಂಕಲಿಗೆ ಹುಣಸೆಮರ, ಹುತ್ತ, ಮತ್ತೆ ತಿರುಗಿ ಕಲ್ಲಿಗೆ. ಹುಣಸೆಮರ, ಹುತ್ತ ಎಂದೋ ಹೋಗಿವೆ. ಉಳಿದಿದ್ದದ್ದು ಹಳ್ಳ ಮತ್ತು ಕಲ್ಲು, ಎರಡೇ. ಅದರಲ್ಲಿ ಕಲ್ಲನ್ನು ನಾನು ಕಿತ್ತಿದ್ದೆ. ಜಿಪಿಎಸ್ ರೀಡಿಂಗ್ ತೆಗೆದಿರಲಿಲ್ಲ, ಮುಖ ಯಾವ ದಿಕ್ಕಿಗಿತ್ತು ಅಂತ ಬರೆದಿರಲಿಲ್ಲ. ಕೆಲಸದಲ್ಲಿ ಯಾರಾದರೂ ಬೆಂಚ್‌ಮಾರ್ಕ್ ಕಲ್ಲನ್ನು ಹೇಳದೆ ಕೇಳದೆ ಎತ್ತಿಟ್ಟಿದ್ದರೆ ನಾನೇ ಮೆಮೋ ಕೊಡುತ್ತಿದ್ದೆ.

ಎತ್ತಿಡದೇ ಇದ್ದರೆ ಜೆಸಿಬಿಗೆ ಸಿಕ್ಕಿ ಪುಡಿಯಾಗುತ್ತಿತ್ತು ಅನ್ನೋದೂ ನಿಜ. ಅಪಾಯದಲ್ಲಿರುವ ಕಲ್ಲನ್ನು ಮುಟ್ಟಲೇಬಾರದು ಅಂತ ನಾನು ವಾದ ಮಾಡಲ್ಲ. ಆದರೆ ಎತ್ತುವ ಮುಂಚಿನ ಅರ್ಧ ಗಂಟೆ ಕೆಲಸ ಇದೆಯಲ್ಲ, ರೀಡಿಂಗ್, ದಿಕ್ಕು, ಎಷ್ಟು ಆಳ ಹೂತಿತ್ತು, ಹಳ್ಳಕ್ಕೆ, ಬದುವಿಗೆ, ಹತ್ತಿರದ ಬಾವಿಗೆ ಎಷ್ಟು ದೂರ, ನಾಲ್ಕೂ ಕಡೆಯಿಂದ ಫೋಟೋ, ಅದು ಪಾಠ ಓದುವಷ್ಟೇ ದೊಡ್ಡ ಕೆಲಸ. ನಾನು ಪಾಠವನ್ನೂ ಪೂರ್ತಿ ಓದಲಿಲ್ಲ, ಅದನ್ನೂ ಮಾಡಲಿಲ್ಲ.

ಮೂರನೇ ದಿನ ಮಧ್ಯಾಹ್ನ ಅದೇ ಹಳ್ಳಿಗೆ ಹೋದೆ. ಗುಡಿಯ ಅಂಗಳದಲ್ಲಿ ಕಲ್ಲು ಚೆನ್ನಾಗಿದೆ, ಅರಿಶಿನ ಕುಂಕುಮ ಹಚ್ಚಿದ್ದಾರೆ. ಸೈಕಲ್ಲನ್ನು ಹಳ್ಳದ ಬದಿಗೆ ಒರಗಿಸಿ ತೋಟಕ್ಕೆ ಇಳಿದೆ. ಬದು ಇಲ್ಲ, ನೆಲವೆಲ್ಲ ಒಂದೇ ಮಟ್ಟ. ಯಜಮಾನರು ಗುರುತು ಹಿಡಿದರು, ಬೇಜಾರೇನೂ ಮಾಡಿಕೊಳ್ಳಲಿಲ್ಲ. “ನೀವೇ ಎತ್ತಿಸಿದ್ದಲ್ರೀ, ನಿಮಗೇ ನೆನಪಿಲ್ವಾ?” ಅಂತ ನಕ್ಕರು. ಆಮೇಲೆ ಅವರ ತಾಯಿಯನ್ನು ಕರೆದರು. ಎಂಬತ್ತರ ಹತ್ತಿರದ ಆ ಅಜ್ಜಿ ಅಡಿಕೆ ಸಾಲುಗಳ ನಡುವೆ ನಿಧಾನ ನಡೆದುಕೊಂಡು ಹೋಗಿ, ಒಂದು ಕಡೆ ನಿಂತು, ಎರಡು ಹೆಜ್ಜೆ ಹಿಂದೆ ಬಂದು, “ಇಲ್ಲೇ ಕಣಪ್ಪ. ಕಳೆ ಕೀಳೋಕೆ ಬಂದಾಗ ಬುತ್ತಿ ಗಂಟು ಅದರ ಮ್ಯಾಲೇ ಇಡ್ತಿದ್ದೆ, ಹಳ್ಳದ ಸದ್ದು ಕೇಳ್ತಿತ್ತು” ಅಂದರು. ಆ ಜಾಗದ ರೀಡಿಂಗ್ ತೆಗೆದುಕೊಂಡೆ. ನೋಟ್‌ಬುಕ್ಕಿನಲ್ಲಿ ಅದರ ಮುಂದೆ ಬರೆದದ್ದು: ಅಂದಾಜು, 20 ಮೀಟರ್ ಹೆಚ್ಚುಕಮ್ಮಿ, ಆಧಾರ ಅಜ್ಜಿಯ ನೆನಪು.