ಭಾನ್‌ಗಢ ಕೋಟೆ (ರಾಜಸ್ಥಾನ): ಸಂದರ್ಶಕರ ಮಾಹಿತಿಗಾಗಿ

1. ಪೀಠಿಕೆ

ರಾಜಸ್ಥಾನ ರಾಜ್ಯದ ಅಲ್ವರ್ ಜಿಲ್ಲೆಯಲ್ಲಿರುವ ಭಾನ್‌ಗಢ ಕೋಟೆಯು ದೆವ್ವಗಳ ವಾಸಸ್ಥಾನವೆಂಬ ಪ್ರತೀತಿಯಿಂದಾಗಿ ದೇಶದಾದ್ಯಂತ ಹೆಸರಾಗಿದೆ. ರಾಜ್ಯದಿಂದ ಉತ್ತರ ಭಾರತದ ಪ್ರವಾಸ ಕೈಗೊಳ್ಳುವ ಸಾರ್ವಜನಿಕರಲ್ಲಿ ಅನೇಕರು ಈ ಕೋಟೆಯನ್ನು ತಮ್ಮ ಪ್ರವಾಸಪಟ್ಟಿಯಲ್ಲಿ ಸೇರಿಸಿಕೊಳ್ಳುತ್ತಾರೆ. ಸದರಿ ಕೋಟೆಯ ಇತಿಹಾಸ, ಪ್ರವೇಶದ ಅವಧಿ, ಪಾಲಿಸಬೇಕಾದ ನಿಯಮಗಳು ಮತ್ತು ಅನುಮತಿ ಪಡೆಯುವ ವಿಧಾನವನ್ನು ಕುರಿತು ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ಕೋಟೆಯ ಮುಂಭಾಗದಲ್ಲಿ ಅಳವಡಿಸಿರುವ ಸೂಚನಾ ಫಲಕವು ಹಿಂದಿ ಭಾಷೆಯಲ್ಲಿದ್ದು, ಅದರ ಬಗ್ಗೆ ತಪ್ಪು ಗ್ರಹಿಕೆಗಳು ಹರಡಿವೆ. ಆದ್ದರಿಂದ ಫಲಕದ ಸಾರಾಂಶವನ್ನು ಕ್ರಮಾಂಕ 5ರಲ್ಲಿ ಕನ್ನಡದಲ್ಲಿ ವಿವರಿಸಲಾಗಿದೆ.

2. ಸ್ಥಳ ಮತ್ತು ಮಾರ್ಗ

ಕೋಟೆಯು ಅರಾವಳಿ ಬೆಟ್ಟಸಾಲಿನ ತಪ್ಪಲಿನಲ್ಲಿ, ಸರಿಸ್ಕಾ ಅರಣ್ಯ ಪ್ರದೇಶದ ಅಂಚಿನಲ್ಲಿದೆ. ಸಮೀಪದ ಗ್ರಾಮ ಗೋಲಾ ಕಾ ಬಾಸ್. ಜೈಪುರದಿಂದ ರಸ್ತೆಯ ಮೂಲಕ ಸುಮಾರು 85 ಕಿ.ಮೀ., ದೆಹಲಿಯಿಂದ ಸುಮಾರು 250 ಕಿ.ಮೀ. ದೂರವಿದೆ. ಅನುಕೂಲಕರ ರೈಲು ನಿಲ್ದಾಣ ದೌಸಾ. ವಿಮಾನ ನಿಲ್ದಾಣ ಜೈಪುರ.

ಕರ್ನಾಟಕದಿಂದ ಹೊರಡುವವರು ಬೆಂಗಳೂರಿನ ಮಾರ್ಗವಾಗಿ ಸಂಚರಿಸುವ ಮೈಸೂರು–ಜೈಪುರ ಎಕ್ಸ್‌ಪ್ರೆಸ್ ರೈಲನ್ನು ಅಥವಾ ಬೆಂಗಳೂರು–ಜೈಪುರ ವಿಮಾನ ಸೇವೆಯನ್ನು ಬಳಸಿಕೊಳ್ಳಬಹುದು. ವೇಳಾಪಟ್ಟಿಯನ್ನು ಆಯಾ ಸಂಸ್ಥೆಗಳಿಂದ ಖಚಿತಪಡಿಸಿಕೊಳ್ಳತಕ್ಕದ್ದು. ಕೋಟೆಯ ಆವರಣದಲ್ಲಿ ವಸತಿ ವ್ಯವಸ್ಥೆ ಇರುವುದಿಲ್ಲ. ಜೈಪುರ, ದೌಸಾ, ಅಲ್ವರ್ ಅಥವಾ ಸರಿಸ್ಕಾದಲ್ಲಿ ತಂಗಿ, ಬೆಳಿಗ್ಗೆ ಹೊರಟು ಸಂಜೆಗೆ ಮುನ್ನ ಹಿಂದಿರುಗುವುದು ಸೂಕ್ತ.

3. ಸಂಕ್ಷಿಪ್ತ ಇತಿಹಾಸ

ಭಾನ್‌ಗಢವನ್ನು ಆಮೇರಿನ ಕಛವಾಹಾ ವಂಶದ ರಾಜಾ ಭಗವಂತದಾಸನು 1573ರಲ್ಲಿ ನಿರ್ಮಿಸಿದನು. ಇದು ಮುಂದೆ ಅವನ ಕಿರಿಯ ಮಗ ಮಾಧೋ ಸಿಂಗನ ನಿವಾಸವಾಯಿತು. ಮಾಧೋ ಸಿಂಗನು ಮೊಗಲ್ ಚಕ್ರವರ್ತಿ ಅಕ್ಬರನ ಸೇನಾನಿಯಾಗಿದ್ದ ರಾಜಾ ಮಾನ್ ಸಿಂಗನ ಸಹೋದರ. ಮಾಧೋ ಸಿಂಗನ ನಂತರ ಛತ್ರ ಸಿಂಗನು ಆಳಿದನು. ಇದೇ ವಂಶದ ಅಜಬ್ ಸಿಂಗನು ಸಮೀಪದಲ್ಲಿ ಅಜಬ್‌ಗಢವನ್ನು ಕಟ್ಟಿಸಿದನು.

ಭಾನ್‌ಗಢವು ಕೇವಲ ಸೈನಿಕ ಕೋಟೆಯಾಗಿರಲಿಲ್ಲ. ಗೋಡೆಗಳ ಒಳಗೆ ಅಂಗಡಿ ಬೀದಿ, ಹವೇಲಿಗಳು, ದೇವಾಲಯಗಳು, ಕೊಳ ಮತ್ತು ಅರಮನೆಯನ್ನು ಒಳಗೊಂಡ ಪೂರ್ಣ ಪ್ರಮಾಣದ ಪಟ್ಟಣವಾಗಿತ್ತು. ಮೊಗಲ್ ಅಧಿಕಾರವು ಕುಂದಿದ ಕಾಲದಲ್ಲಿ ಇದರ ಆಸರೆಯೂ ಸಡಿಲವಾಯಿತು. 1720ರಲ್ಲಿ ಆಮೇರಿನ ಸವಾಯಿ ಜಯಸಿಂಗನು ಬಲಪ್ರಯೋಗದಿಂದ ಭಾನ್‌ಗಢವನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡನು. ತರುವಾಯ ಜನಸಂಖ್ಯೆಯು ಕ್ಷೀಣಿಸುತ್ತ ಬಂದಿತು.

1783ರ ಕ್ಷಾಮವು ಈ ಪಟ್ಟಣದ ಪಾಲಿಗೆ ಕೊನೆಯ ಆಘಾತವಾಯಿತು. ಮಳೆಯ ವೈಫಲ್ಯದಿಂದ ಉತ್ತರ ಭಾರತದ ವಿಶಾಲ ಪ್ರದೇಶವನ್ನು ಆವರಿಸಿದ ಈ ಕ್ಷಾಮವು ವಿಕ್ರಮ ಸಂವತ್ಸರ 1840ರಲ್ಲಿ ಸಂಭವಿಸಿದ್ದರಿಂದ ‘ಚಾಲೀಸಾ’ ಎಂಬ ಹೆಸರನ್ನು ಪಡೆದಿದೆ. ‘ಚಾಲೀಸ್’ ಎಂದರೆ ನಲವತ್ತು. ಇದರ ನಂತರ ಭಾನ್‌ಗಢದಲ್ಲಿ ಜನವಸತಿ ಉಳಿಯಲಿಲ್ಲ. ಇಂದು ಸಂದರ್ಶಕರು ಕಾಣುವ ಬರಿದಾದ ಅಂಗಡಿಗಳು ಮತ್ತು ಚಾವಣಿಯಿಲ್ಲದ ಮನೆಗಳು, ಅನ್ನ ನೀರಿಗಾಗಿ ಊರು ಬಿಟ್ಟ ಕುಟುಂಬಗಳವು ಎಂಬುದನ್ನು ಗಮನಿಸತಕ್ಕದ್ದು.

4. ಪ್ರಚಲಿತ ಐತಿಹ್ಯಗಳು

ಪಟ್ಟಣವು ನಿರ್ಜನವಾದ ಬಗ್ಗೆ ಎರಡು ಕಥೆಗಳು ಮುಖ್ಯವಾಗಿ ಪ್ರಚಲಿತದಲ್ಲಿವೆ.

(ಅ) ಬಾಲೂನಾಥನ ಶಾಪ: ಈ ಸ್ಥಳದಲ್ಲಿ ತಪಸ್ಸು ಮಾಡುತ್ತಿದ್ದ ಬಾಲೂನಾಥನೆಂಬ ಯೋಗಿಯು, ಕಟ್ಟಡಗಳ ನೆರಳು ತನ್ನ ನೆಲೆಯ ಮೇಲೆ ಬೀಳಕೂಡದೆಂಬ ಷರತ್ತಿನ ಮೇಲೆ ಪಟ್ಟಣ ಕಟ್ಟಲು ಸಮ್ಮತಿಸಿದನು. ಮುಂದಿನ ಅರಸನೊಬ್ಬನು ಅರಮನೆಯನ್ನು ಎತ್ತರಿಸಿದಾಗ ನೆರಳು ಯೋಗಿಯ ನೆಲೆಯನ್ನು ಮುಟ್ಟಿತು. ಶಾಪದಿಂದ ಪಟ್ಟಣ ನಾಶವಾಯಿತು.

(ಆ) ರತ್ನಾವತಿ ಮತ್ತು ಮಾಂತ್ರಿಕ: ರಾಜಕುಮಾರಿ ರತ್ನಾವತಿಯ ರೂಪಕ್ಕೆ ಮರುಳಾದ ಸಿಂಘಿಯಾ ಎಂಬ ಮಾಂತ್ರಿಕನು, ಆಕೆಗಾಗಿ ದಾಸಿಯು ಕೊಂಡ ಸುಗಂಧತೈಲವನ್ನು ಮಂತ್ರಿಸಿ ಕಳುಹಿಸಿದನು. ಅದನ್ನರಿತ ರಾಜಕುಮಾರಿಯು ತೈಲವನ್ನು ಬಂಡೆಯ ಮೇಲೆ ಸುರಿದಳು. ಬಂಡೆಯು ಉರುಳಿ ಮಾಂತ್ರಿಕನನ್ನೇ ಅಪ್ಪಳಿಸಿತು. ಸಾಯುವ ಮುನ್ನ ಅವನು ಪಟ್ಟಣಕ್ಕೆ ಶಾಪವಿತ್ತನು.

ಇವು ಆ ಪ್ರದೇಶದ ಜನಪದ ಪರಂಪರೆಯ ಭಾಗಗಳಾಗಿದ್ದು, ಕಥೆಗಳಾಗಿ ಆಸಕ್ತಿದಾಯಕವಾಗಿವೆ. ಆದರೆ ಎರಡೂ ಕಥೆಗಳು ಒಂದೇ ವಿನಾಶಕ್ಕೆ ಬೇರೆ ಬೇರೆ ಕಾರಣಗಳನ್ನು ಹೇಳುತ್ತವೆ. ಎರಡರಲ್ಲಿಯೂ ಕ್ಷಾಮದ ಪ್ರಸ್ತಾಪವಿಲ್ಲ. ಶಾಪದಿಂದಾಗಿ ಮನೆಗಳ ಮೇಲೆ ಚಾವಣಿ ನಿಲ್ಲುವುದಿಲ್ಲ ಎಂಬ ಮಾತೂ ಇದೆ. ದುರಸ್ತಿ ಕಾಣದ ಯಾವುದೇ ಹಳೆಯ ಕಟ್ಟಡದಲ್ಲಿ ಚಾವಣಿಯು ಗೋಡೆಗಿಂತ ಮೊದಲು ಕುಸಿಯುವುದು ಸಹಜ. ಇದಕ್ಕೆ ಬೇರೆ ಕಾರಣವನ್ನು ಹುಡುಕುವ ಅಗತ್ಯ ಕಂಡುಬರುವುದಿಲ್ಲ.

5. ಸೂಚನಾ ಫಲಕದ ಸಾರಾಂಶ

ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ಅಳವಡಿಸಿರುವ ಫಲಕದ ಮುಖ್ಯಾಂಶಗಳು ಹೀಗಿವೆ:

(i) ಸೂರ್ಯೋದಯಕ್ಕೆ ಮುನ್ನ ಮತ್ತು ಸೂರ್ಯಾಸ್ತದ ನಂತರ ಭಾನ್‌ಗಢದ ಎಲ್ಲೆಯೊಳಗೆ ಪ್ರವೇಶವನ್ನು ನಿಷೇಧಿಸಲಾಗಿದೆ.
(ii) ದನಗಾಹಿಗಳು ಮತ್ತು ಸೌದೆ ಕಡಿಯುವವರು ಒಳಪ್ರವೇಶಿಸಿದಲ್ಲಿ ಕಾನೂನು ಕ್ರಮ ಜರುಗಿಸಲಾಗುವುದು.
(iii) ಆವರಣದಲ್ಲಿರುವ ಕೇದಗೆ ಗಿಡಗಳು ಇಲಾಖೆಗೆ ಸೇರಿದ್ದು, ಅವುಗಳಿಗೆ ಹಾನಿ ಮಾಡುವುದನ್ನು ನಿಷೇಧಿಸಲಾಗಿದೆ.

ದೆವ್ವ, ಭೂತ ಅಥವಾ ಶಾಪದ ಉಲ್ಲೇಖವು ಈ ಅಂಶಗಳಲ್ಲಿ ಎಲ್ಲಿಯೂ ಇರುವುದಿಲ್ಲ. ಮೊದಲನೆಯ ಅಂಶವನ್ನು ಮಾತ್ರ ಪ್ರತ್ಯೇಕಿಸಿ, ‘ಸರ್ಕಾರವೇ ಒಪ್ಪಿಕೊಂಡಿದೆ’ ಎಂದು ಪ್ರಚಾರ ಮಾಡುವುದು ವಾಸ್ತವಾಂಶಕ್ಕೆ ವಿರುದ್ಧವಾಗಿದೆ.

ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ತ್ವ ನಿವೇಶನಗಳು ಹಾಗೂ ಅವಶೇಷಗಳ ಅಧಿನಿಯಮ, 1958ರ ಅಡಿಯಲ್ಲಿ 1959ರಲ್ಲಿ ರಚಿಸಿದ ನಿಯಮಗಳ ಮೇರೆಗೆ, ಪ್ರತ್ಯೇಕ ವೇಳೆಯನ್ನು ನಿಗದಿಪಡಿಸದ ಸಂರಕ್ಷಿತ ಸ್ಮಾರಕಗಳು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ತೆರೆದಿರತಕ್ಕದ್ದು. ಅಂದರೆ ಭಾನ್‌ಗಢಕ್ಕೆ ಅನ್ವಯಿಸುವ ವೇಳೆಯು ದೇಶದ ಇತರ ಸ್ಮಾರಕಗಳಿಗೂ ಅನ್ವಯಿಸುವ ಸಾಮಾನ್ಯ ವೇಳೆಯಾಗಿದೆ. ರಾತ್ರಿಯ ಪ್ರವೇಶಕ್ಕೆ ಪ್ರತ್ಯೇಕ ಆದೇಶ ಬೇಕಾಗುತ್ತದೆ. ಉದಾಹರಣೆಗೆ, 2019ರಲ್ಲಿ 10 ಸ್ಮಾರಕಗಳ ಸಂದರ್ಶನದ ಅವಧಿಯನ್ನು ರಾತ್ರಿ 9 ಗಂಟೆಯವರೆಗೆ ವಿಸ್ತರಿಸಿ ಕೇಂದ್ರ ಸರ್ಕಾರವು ಕ್ರಮ ಕೈಗೊಂಡಿತು. ಅವುಗಳಲ್ಲಿ ಕರ್ನಾಟಕದ ಪಟ್ಟದಕಲ್ಲು ಮತ್ತು ವಿಜಯಪುರದ ಗೋಳಗುಮ್ಮಟ ಸೇರಿದ್ದವು.

6. ರಾತ್ರಿಯ ನಿರ್ಬಂಧದಿಂದಾಗುವ ರಕ್ಷಣೆ

ಕತ್ತಲಾದ ಮೇಲೆ ಕೋಟೆಯಲ್ಲಿ ಅಪಾಯವಿಲ್ಲವೆಂದು ಭಾವಿಸುವುದೂ ಸರಿಯಲ್ಲ. ಅಪಾಯಗಳು ಕೆಳಕಂಡಂತಿವೆ:

(i) ವನ್ಯಮೃಗಗಳು: ಪಕ್ಕದ ಸರಿಸ್ಕಾವನ್ನು 1978ರಲ್ಲಿ ಹುಲಿ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಬೇಟೆಯ ಕಾರಣ ಅಲ್ಲಿ ಹುಲಿಗಳು ಸಂಪೂರ್ಣ ನಾಶವಾದುದು 2005ರಲ್ಲಿ ದೃಢಪಟ್ಟಿತು. 2008ರಿಂದ ರಣಥಂಭೋರ್‌ನ ಹುಲಿಗಳನ್ನು ತಂದು ಬಿಡಲಾಗಿದೆ. ಈ ಬೆಟ್ಟಗಳಲ್ಲಿ ಚಿರತೆ ಹಾಗೂ ಕತ್ತೆಕಿರುಬಗಳೂ ಇವೆ. ರಾತ್ರಿ ಕೇಳಿಬರುವ ಕೂಗುಗಳನ್ನು ಕುರಿತು ಹೇಳುವಾಗ ಈ ಅಂಶವನ್ನು ಮರೆಯಬಾರದು.

(ii) ಶಿಥಿಲ ಕಟ್ಟಡಗಳು: ಮೆಟ್ಟಿಲುಗಳು ಸವೆದಿದ್ದು, ಮೇಲಂತಸ್ತುಗಳ ಅಂಚುಗಳಿಗೆ ಎಲ್ಲೆಡೆ ತಡೆಗೋಡೆ ಇರುವುದಿಲ್ಲ. ಕತ್ತಲಿನಲ್ಲಿ ಕಾಲು ಜಾರಿ ಬಿದ್ದವರಿಗೆ ಕೂಡಲೇ ನೆರವು ದೊರೆಯುವುದು ಕಷ್ಟಸಾಧ್ಯ.

(iii) ನಿಧಿಗಳ್ಳತನ: ನಿರ್ಜನ ಸ್ಮಾರಕಗಳಲ್ಲಿ ನಿಧಿಯಾಸೆಯಿಂದ ನೆಲ ಅಗೆಯುವ ಮತ್ತು ಶಿಲ್ಪಗಳನ್ನು ಕದಿಯುವ ಕೃತ್ಯಗಳು ರಾತ್ರಿ ವೇಳೆಯಲ್ಲಿಯೇ ನಡೆಯುವಂತಹವು. ರಾತ್ರಿ ಯಾರೂ ಒಳಗಿರದಂತೆ ನೋಡಿಕೊಳ್ಳುವುದು ಇದನ್ನು ತಡೆಯಲು ಅವಶ್ಯಕ.

7. ಕೋಟೆಯೊಳಗೆ ನೋಡತಕ್ಕ ಸ್ಥಳಗಳು

ಹೊರಗೋಡೆಗೆ ಐದು ದ್ವಾರಗಳಿವೆ: ಹನುಮಾನ್ ದ್ವಾರ, ಫೂಲ್‌ಬಾರಿ ದ್ವಾರ, ಲಾಹೋರಿ ದ್ವಾರ, ಅಜ್ಮೇರಿ ದ್ವಾರ ಮತ್ತು ದೆಹಲಿ ದ್ವಾರ. ಒಳಗೆ ಈ ಕೆಳಗಿನವುಗಳನ್ನು ನೋಡಬಹುದು.

ಜೌಹರಿ ಬಜಾರ್: ದಾರಿಯ ಎರಡೂ ಬದಿಗಳಲ್ಲಿ ಒಂದೇ ಅಳತೆಯಲ್ಲಿ ಸಾಲಾಗಿ ಕಟ್ಟಿದ ಅಂಗಡಿಗಳ ಅವಶೇಷಗಳು. ಪಟ್ಟಣವನ್ನು ಯೋಜನಾಬದ್ಧವಾಗಿ ನಿರ್ಮಿಸಲಾಗಿತ್ತೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಬಹುತೇಕ ಸಂದರ್ಶಕರು ಅರಮನೆಯ ಕಡೆಗೆ ಅವಸರದಿಂದ ಇದನ್ನು ದಾಟಿಹೋಗುತ್ತಾರೆ; ಇಲ್ಲಿ ಸ್ವಲ್ಪ ಹೊತ್ತು ನಿಂತು ನೋಡುವುದು ಸೂಕ್ತ.

ಹವೇಲಿಗಳು: ನರ್ತಕಿಯರ ಹವೇಲಿ ಮತ್ತು ಪುರೋಹಿತರ ಹವೇಲಿ ಎಂದು ಗುರುತಿಸಲಾದ ಕಟ್ಟಡಗಳಿವೆ.

ದೇವಾಲಯಗಳು: ಗೋಪಿನಾಥ, ಸೋಮೇಶ್ವರ, ಕೇಶವರಾಯ, ಮಂಗಲಾದೇವಿ, ಗಣೇಶ ಮತ್ತು ಹನುಮಾನ್ ದೇವಾಲಯಗಳು ಮುಖ್ಯವಾದವು. ಗೋಪಿನಾಥ ದೇವಾಲಯವು ಸುಮಾರು 14 ಅಡಿ ಎತ್ತರದ ಜಗತಿಯ ಮೇಲಿದ್ದು, ಹಳದಿ ಬಣ್ಣದ ಕಲ್ಲಿನ ಕೆತ್ತನೆಗಳನ್ನು ಹೊಂದಿದೆ. ಸೋಮೇಶ್ವರ ದೇವಾಲಯದ ಪಕ್ಕದಲ್ಲಿ ಕೊಳವಿದೆ.

ಅರಮನೆ: ಕೋಟೆಯ ಕೊನೆಯಲ್ಲಿ ಬೆಟ್ಟದ ಬುಡಕ್ಕೆ ಹೊಂದಿಕೊಂಡಿದೆ. ಮೂಲದಲ್ಲಿ ಏಳು ಅಂತಸ್ತುಗಳಿದ್ದವೆಂದು ಹೇಳಲಾಗಿದ್ದು, ನಾಲ್ಕು ಅಂತಸ್ತುಗಳು ಉಳಿದಿವೆ. ಮೇಲಿನಿಂದ ಇಡೀ ಪಟ್ಟಣದ ವಿನ್ಯಾಸವು ಒಂದೇ ನೋಟಕ್ಕೆ ಕಾಣುತ್ತದೆ.

8. ಸಂದರ್ಶಕರಿಗೆ ಸೂಚನೆಗಳು

(i) ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಅವಧಿಯು ಅನುಕೂಲಕರ. ಮೇ–ಜೂನ್ ತಿಂಗಳುಗಳಲ್ಲಿ ತಾಪಮಾನವು 40 ಡಿಗ್ರಿ ಸೆಲ್ಸಿಯಸ್ ಮೀರುವುದರಿಂದ ಮಧ್ಯಾಹ್ನದ ಭೇಟಿಯನ್ನು ತಪ್ಪಿಸತಕ್ಕದ್ದು.
(ii) ಡಿಸೆಂಬರ್‌ನಲ್ಲಿ ಈ ಭಾಗದಲ್ಲಿ ಸಂಜೆ ಸುಮಾರು 5.35ಕ್ಕೆ ಸೂರ್ಯಾಸ್ತವಾಗುತ್ತದೆ. ಇದು ಬೆಂಗಳೂರಿನ ವೇಳೆಗಿಂತ ಸುಮಾರು 20 ನಿಮಿಷ ಮುಂಚೆ. ಕರ್ನಾಟಕದಿಂದ ತೆರಳುವವರು ಇದನ್ನು ಗಮನದಲ್ಲಿರಿಸಿಕೊಂಡು, ಸಂಜೆ 4.30ರೊಳಗೆ ಅರಮನೆಯಿಂದ ಇಳಿಯಲಾರಂಭಿಸುವುದು ಒಳ್ಳೆಯದು.
(iii) ಕುಡಿಯುವ ನೀರು, ಗಟ್ಟಿ ಅಟ್ಟೆಯ ಪಾದರಕ್ಷೆ ಅವಶ್ಯಕ. ಕಲ್ಲುಹಾಸಿನ ದಾರಿ ಮತ್ತು ಮೆಟ್ಟಿಲುಗಳ ಕಾರಣ ವಯೋವೃದ್ಧರು ಬಜಾರ್ ಹಾಗೂ ಕೆಳಭಾಗದ ದೇವಾಲಯಗಳವರೆಗೆ ಮಾತ್ರ ತೆರಳಬಹುದು.
(iv) ಕೋತಿಗಳಿರುವುದರಿಂದ ಆಹಾರದ ಪೊಟ್ಟಣಗಳನ್ನು ಕೈಯಲ್ಲಿ ಹಿಡಿದು ನಡೆಯಬಾರದು.
(v) ಗೋಡೆಗಳ ಮೇಲೆ ಹೆಸರು ಕೆತ್ತುವುದು ಶಿಕ್ಷಾರ್ಹ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ, 2010ರ ತಿದ್ದುಪಡಿಯ ಮೇರೆಗೆ, 2 ವರ್ಷಗಳವರೆಗೆ ಕಾರಾಗೃಹವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿದೆ.
(vi) ಮಕ್ಕಳನ್ನು ಅಥವಾ ಜೊತೆಗಾರರನ್ನು ಹೆದರಿಸುವ ಉದ್ದೇಶದಿಂದ ಕತ್ತಲೆ ಕೋಣೆಗಳಲ್ಲಿ ಕೂಗುವುದು, ಬೆನ್ನಟ್ಟುವುದು ಮುಂತಾದವನ್ನು ಮಾಡಬಾರದು. ಗಾಬರಿಯಿಂದ ಓಡಿದವರು ಎತ್ತರದಿಂದ ಬೀಳುವ ಸಂಭವವಿದೆ.
(vii) ತುರ್ತು ಸಂದರ್ಭದಲ್ಲಿ ದೂರವಾಣಿ ಸಂಖ್ಯೆ 112ನ್ನು ಸಂಪರ್ಕಿಸಬಹುದು.

9. ಅನುಮತಿ ಮತ್ತು ಅರ್ಜಿ

ಪ್ರವೇಶ ಶುಲ್ಕ: ಭೇಟಿಯ ದಿನ ದ್ವಾರದಲ್ಲಿ ಪ್ರಕಟಿಸಿರುವ ದರವು ಅನ್ವಯಿಸುತ್ತದೆ. ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಶುಲ್ಕವಿರುವ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿರುವುದಿಲ್ಲ.

ಚಿತ್ರೀಕರಣ: ವಾಣಿಜ್ಯ ಚಿತ್ರೀಕರಣಕ್ಕೆ ಸದರಿ ಇಲಾಖೆಯಿಂದ ಪೂರ್ವಭಾವಿ ಪರವಾನಗಿ ಪಡೆಯತಕ್ಕದ್ದು. ಡ್ರೋನ್ ಬಳಕೆಗೂ ಪೂರ್ವಾನುಮತಿ ಅವಶ್ಯಕ. ಚಿತ್ರೀಕರಣದ ಪರವಾನಗಿಯನ್ನು ರಾತ್ರಿ ತಂಗಲು ನೀಡಿದ ಅನುಮತಿಯೆಂದು ಭಾವಿಸತಕ್ಕದ್ದಲ್ಲ.

ಮಾಹಿತಿ ಹಕ್ಕು: ಸ್ಮಾರಕದ ಸಂರಕ್ಷಣೆ, ವೆಚ್ಚ ಅಥವಾ ಆದೇಶಗಳ ಬಗ್ಗೆ ವಿವರ ಬೇಕಾದಲ್ಲಿ, ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಸದರಿ ಇಲಾಖೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸರ್ಕಾರವು ಈ ಕೋಟೆಯನ್ನು ದೆವ್ವದ ಸ್ಥಳವೆಂದು ಘೋಷಿಸಿದೆಯೇ?
ಉತ್ತರ: ಇಲ್ಲ. ಸ್ಮಾರಕಗಳಿಗೆ ಸಂಬಂಧಿಸಿದ 1958ರ ಅಧಿನಿಯಮದಲ್ಲಿ ಅಂತಹ ಘೋಷಣೆಗೆ ಅವಕಾಶವೇ ಇರುವುದಿಲ್ಲ.

ಪ್ರಶ್ನೆ: ಕಾವಲುಗಾರರ ಒಪ್ಪಿಗೆ ಪಡೆದು ರಾತ್ರಿ ಒಳಗಿರಬಹುದೇ?
ಉತ್ತರ: ಇಲ್ಲ. ಅಂತಹ ಒಪ್ಪಿಗೆಗೆ ಕಾನೂನಿನ ಮಾನ್ಯತೆ ಇಲ್ಲ. ಹಣ ಪಡೆದು ರಾತ್ರಿ ಒಳಗೆ ಕರೆದೊಯ್ಯುವುದಾಗಿ ಹೇಳುವವರನ್ನು ನಂಬಬಾರದು.

ಪ್ರಶ್ನೆ: ಹಗಲಿನಲ್ಲಿ ಕುಟುಂಬ ಸಮೇತ ಭೇಟಿ ನೀಡಬಹುದೇ?
ಉತ್ತರ: ನಿಶ್ಚಯವಾಗಿ ನೀಡಬಹುದು. ಕೋಟೆಯೊಳಗಿನ ಕೆಲವು ಗುಡಿಗಳಲ್ಲಿ ಸ್ಥಳೀಯರು ಪೂಜೆ ಸಲ್ಲಿಸುತ್ತಾರೆ. ಇದು ಜನರು ಕಾಲಿಡದ ಸ್ಥಳವಲ್ಲ.

ಪ್ರಶ್ನೆ: ಹಳೆಯ ನಾಣ್ಯ ಅಥವಾ ಶಿಲ್ಪದ ತುಂಡು ಸಿಕ್ಕಿದಲ್ಲಿ ಏನು ಮಾಡಬೇಕು?
ಉತ್ತರ: ತೆಗೆದುಕೊಂಡು ಹೋಗಬಾರದು. ಇದ್ದ ಸ್ಥಳದಲ್ಲಿಯೇ ಬಿಟ್ಟು ಸಿಬ್ಬಂದಿಗೆ ತಿಳಿಸತಕ್ಕದ್ದು.

11. ಕೋರಿಕೆ

ಸಂವಿಧಾನದ 51ಎ ಅನುಚ್ಛೇದವು ನಾಡಿನ ಸಂಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಗೌರವಿಸಿ ಕಾಪಾಡುವುದನ್ನೂ, ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದನ್ನೂ ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿದೆ. ಭಾನ್‌ಗಢದಲ್ಲಿ ಈ ಎರಡೂ ಕರ್ತವ್ಯಗಳನ್ನು ಒಟ್ಟಿಗೆ ನೆರವೇರಿಸಲು ಅವಕಾಶವಿದೆ. ಸಂದರ್ಶಕರು ಐತಿಹ್ಯಗಳನ್ನು ಆಸಕ್ತಿಯಿಂದ ಕೇಳಬಹುದು. ಅದರ ಜೊತೆಗೆ 1783ರ ಕ್ಷಾಮವನ್ನೂ, ಅದರಿಂದ ನೆಲೆ ಕಳೆದುಕೊಂಡ ಜನರನ್ನೂ ತಮ್ಮೊಂದಿಗೆ ಬಂದ ಮಕ್ಕಳಿಗೆ ತಿಳಿಸಿಕೊಡಬೇಕೆಂದು, ಹಾಗೂ ಸೂರ್ಯಾಸ್ತಕ್ಕೆ ಮುನ್ನ ಆವರಣದಿಂದ ಹೊರಬಂದು ಸಿಬ್ಬಂದಿಯೊಂದಿಗೆ ಸಹಕರಿಸಬೇಕೆಂದು ಕೋರಲಾಗಿದೆ.