ಬಡಿತ 70 ಇದ್ರೆ ಸಾಕಾ? ಪೇಸ್‌ಮೇಕರ್ ಕಲಿತ ಎರಡನೇ ಪಾಠ

1/8
ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಅರ್ಧ ನಿಮಿಷ ನಾಡಿ ಎಣಿಸಿ. ಬಂದದ್ದನ್ನ ಎರಡರಿಂದ ಗುಣಿಸಿ. 70 ಬಂತಾ? 80? ಈಗಷ್ಟೇ ಬಸ್ಸಿನ ಹಿಂದೆ ಓಡಿ ಬಂದಿದ್ರೆ 120 ಇದ್ರೂ ಆಶ್ಚರ್ಯ ಇಲ್ಲ.

ಹೃದಯ ಅಂದ ಕೂಡಲೇ ನಮಗೆ ನೆನಪಾಗೋದು ಈ ಸಂಖ್ಯೆ. ಪೇಸ್‌ಮೇಕರ್ ಕಟ್ಟಿದವರ ತಲೆಯಲ್ಲೂ ಹತ್ತಿರಹತ್ತಿರ ನಲವತ್ತು ವರ್ಷ ಇದೇ ಇತ್ತು: ಬಡಿತ ನಿಲ್ಲಬಾರದು, ಸಂಖ್ಯೆ ಇಳಿಯಬಾರದು. ಆದ್ರೆ ಸಂಖ್ಯೆ ಸರಿಯಿದ್ದೂ ಹೃದಯ ಸೋಲಬಹುದು. ಕೆಲವರಲ್ಲಿ ಆ ಸೋಲಿಗೆ ಪೇಸ್‌ಮೇಕರೇ ಕಾರಣವಾಗಬಹುದು. ಇದು ಹೇಗೆ ಗೊತ್ತಾಯ್ತು ಅನ್ನೋದೇ ಈ ವಾರದ ಕಥೆ. ಸ್ವಲ್ಪ ಉದ್ದ ಇದೆ, ನಿಧಾನಕ್ಕೆ ಸ್ವೈಪ್ ಮಾಡಿ.

2/8
ಅಮೆರಿಕದ ಮಿನ್ನಿಯಾಪೊಲಿಸ್, 1957ರ ಅಕ್ಟೋಬರ್ 31. ಊರಿಗೆ ಊರೇ ಕರೆಂಟು ಹೋಯ್ತು.

ಅಲ್ಲಿನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಸರ್ಜನ್ ವಾಲ್ಟನ್ ಲಿಲ್ಲೆಹೈ ಮಕ್ಕಳ ಹೃದಯದೊಳಗಿನ ರಂಧ್ರಗಳನ್ನ ಹೊಲಿದು ಸರಿಮಾಡುತ್ತಿದ್ದರು. ಹೊಲಿಗೆ ಬೀಳುವ ಜಾಗದ ಪಕ್ಕದಲ್ಲೇ ಹೃದಯದ ವಿದ್ಯುತ್ ದಾರಿ ಹಾದುಹೋಗುತ್ತೆ. ಅದಕ್ಕೆ ಪೆಟ್ಟಾದ್ರೆ ಬಡಿತ ತೀರಾ ನಿಧಾನ. ಅಂಥ ಮಕ್ಕಳ ಹೃದಯಕ್ಕೆ ತೆಳು ತಂತಿ ಸೇರಿಸಿ, ಹೊರಗಿನ ಯಂತ್ರದಿಂದ ಬಡಿತ ಕೊಡುತ್ತಿದ್ದರು. ಆ ಯಂತ್ರ ಓಡುತ್ತಿದ್ದದ್ದು ಗೋಡೆಯ ಪ್ಲಗ್‌ನಿಂದ! ಕರೆಂಟು ಹೋದ್ರೆ ಏನು ಗತಿ ಅಂತ ಅವತ್ತು ಎಲ್ಲರಿಗೂ ಗೊತ್ತಾಯ್ತು.

ಲಿಲ್ಲೆಹೈ ಕೇಳಿದ್ದು ಆಸ್ಪತ್ರೆಯ ಉಪಕರಣ ರಿಪೇರಿ ಮಾಡುತ್ತಿದ್ದ ಅರ್ಲ್ ಬಾಕ್ಕನ್ ಅವರನ್ನ. ಗ್ಯಾರೇಜಿನಲ್ಲಿ ಮೆಡ್‌ಟ್ರಾನಿಕ್ ಅನ್ನೋ ಸಣ್ಣ ಕಂಪನಿ ನಡೆಸುತ್ತಿದ್ದ ಎಂಜಿನಿಯರ್. ಸಂಗೀತ ಕಲಿಯುವವರು ತಾಳ ಹಿಡಿಯೋಕೆ ಬಳಸುವ ಮೆಟ್ರೊನೋಮ್‌ನ ಸರ್ಕ್ಯೂಟೊಂದು ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯಲ್ಲಿ ಬಂದಿತ್ತು. ಅದನ್ನೇ ಮಾರ್ಪಡಿಸಿ, ಸುಮಾರು ನಾಲ್ಕು ವಾರದಲ್ಲಿ, ಮೈಮೇಲೆ ಕಟ್ಟಿಕೊಳ್ಳಬಹುದಾದ ಬ್ಯಾಟರಿ ಪೇಸ್‌ಮೇಕರ್ ತಯಾರು ಮಾಡಿದರು.

3/8
ಮುಂದಿನ ವರ್ಷ ಸ್ವೀಡನ್. 43 ವರ್ಷದ ಆರ್ನೆ ಲಾರ್ಸನ್ ದಿನಕ್ಕೆ ಎಷ್ಟೋ ಸಲ ಎಚ್ಚರ ತಪ್ಪಿ ಬೀಳುತ್ತಿದ್ದರು. ಹೆಂಡತಿ ಎಲ್ಸೆ-ಮರೀ ಸರ್ಜನ್ ಓಕೆ ಸೆನ್ನಿಂಗ್ ಮತ್ತು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಅವರ ಬೆನ್ನು ಬಿಡಲಿಲ್ಲ. 1958ರ ಅಕ್ಟೋಬರ್ 8ರಂದು ದೇಹದೊಳಗೆ ಇಟ್ಟ ಮೊದಲ ಪೇಸ್‌ಮೇಕರ್ ಅವರಿಗೆ ಹಾಕಿದರು. ಅದನ್ನ ಅಚ್ಚು ಹಾಕಿದ್ದು ಎಲ್ಲಿ ಗೊತ್ತಾ? ಬೂಟ್ ಪಾಲಿಶ್ ಡಬ್ಬಿಯಲ್ಲಿ!

ಅದು ಕೆಲವೇ ಗಂಟೆಗಳಲ್ಲಿ ಕೆಟ್ಟುಹೋಯ್ತು. ಇನ್ನೊಂದು ಹಾಕಿದರು. ಹೀಗೆ ಜೀವಮಾನದಲ್ಲಿ ಒಟ್ಟು 26 ಪೇಸ್‌ಮೇಕರ್! ಲಾರ್ಸನ್ 2001ರಲ್ಲಿ, 86ನೇ ವಯಸ್ಸಿಗೆ ತೀರಿಕೊಂಡರು. ಅಷ್ಟೊತ್ತಿಗೆ ಅವರನ್ನ ಉಳಿಸಿದ ಸರ್ಜನ್ನೂ ಇರಲಿಲ್ಲ, ಎಂಜಿನಿಯರೂ ಇರಲಿಲ್ಲ.

ಮೊದಲನೇ ಪಾಠ ಇದು: ಬಡಿತ ನಿಲ್ಲಬಾರದು. ಇದನ್ನ ವೈದ್ಯಲೋಕ ಚೆನ್ನಾಗಿಯೇ ಕಲಿತಿತ್ತು.

4/8
ಎರಡನೇ ಪಾಠಕ್ಕೆ ಒಂದು ಚೂರು ಬಯಾಲಜಿ ಬೇಕು. ಎಸ್‌ಎ ನೋಡ್, ಎವಿ ನೋಡ್, ಹಿಸ್ ಕಟ್ಟು ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಹಿಸ್ ಕಟ್ಟು ಎರಡು ಕವಲಾಗಿ ಎಡ, ಬಲ ಹೃತ್ಕುಕ್ಷಿಗಳಿಗೆ ಹೋಗುತ್ತೆ. ಇದು ಹೆದ್ದಾರಿ ಇದ್ದ ಹಾಗೆ. ಸಂದೇಶ ವೇಗವಾಗಿ ಹರಡಿ, ಎಲ್ಲ ಗೋಡೆಗಳೂ ಹೆಚ್ಚುಕಮ್ಮಿ ಒಟ್ಟಿಗೇ ಹಿಂಡುತ್ತವೆ.

ಜಾತ್ರೆಯಲ್ಲಿ ತೇರು ಎಳೆಯೋದು ನೋಡಿದ್ದೀರಲ್ಲ? ಎರಡೂ ಹಗ್ಗದವರು ಒಂದೇ ಕೂಗಿಗೆ ಎಳೆದ್ರೆ ತೇರು ಹೊರಡುತ್ತೆ. ಒಂದು ಹಗ್ಗದವರು ಎಳೆಯುವಾಗ ಇನ್ನೊಂದು ಕಡೆಯವರು ಸುಮ್ಮನಿದ್ದು, ಇವರು ಬಿಟ್ಟ ಮೇಲೆ ಅವರು ಎಳೆದ್ರೆ? ಎಲ್ಲರೂ ಬೆವರಿರುತ್ತಾರೆ, ತೇರು ಅಲ್ಲೇ ಇರುತ್ತೆ.

ಎಡ ಕವಲು ಕಟ್ಟಿಹೋದ ಹೃದಯದಲ್ಲಿ ಆಗೋದು ಇದೇ. ನಡುಗೋಡೆ ಮೊದಲು ಹಿಂಡುತ್ತೆ, ಎಡಬದಿಯ ಗೋಡೆ ತಡವಾಗಿ. ಅದು ಹಿಂಡುವ ಹೊತ್ತಿಗೆ ನಡುಗೋಡೆ ಸಡಿಲ. ಬಡಿತ 70 ಇದೆ, ರಕ್ತ ಮಾತ್ರ ಸಾಕಷ್ಟು ಹೊರಗೆ ಹೋಗ್ತಿಲ್ಲ.

5/8
ಹಾರ್ಟ್ ಫೇಲ್ಯೂರ್ ಅಂದ್ರೆ ಹೃದಯ ನಿಂತುಹೋಗೋದಲ್ಲ, ಹಾರ್ಟ್ ಅಟ್ಯಾಕೂ ಅಲ್ಲ. ಪಂಪು ದೇಹಕ್ಕೆ ಬೇಕಾದಷ್ಟು ರಕ್ತ ತಳ್ಳಲಾರದ ಸ್ಥಿತಿ. ಕಾಲು ಊದುತ್ತೆ, ನಾಲ್ಕು ಮೆಟ್ಟಿಲಿಗೇ ಏದುಸಿರು, ರಾತ್ರಿ ಚಪ್ಪಟೆ ಮಲಗೋಕೂ ಆಗಲ್ಲ. ಇಂಥವರಲ್ಲಿ ಕೆಲವರಿಗೆ ಈ ಎಡ ಕವಲಿನ ತೊಂದರೆಯೂ ಸೇರಿಕೊಂಡಿರುತ್ತೆ.

1994ರಲ್ಲಿ ಫ್ರಾನ್ಸಿನ ಸೆರ್ಜ್ ಕಾಜೋ ಮತ್ತು ಸಂಗಡಿಗರು 54 ವರ್ಷದ ಒಬ್ಬ ರೋಗಿಯ ವಿಷಯ ಪ್ರಕಟಿಸಿದರು. ಕಾಯಿಲೆ ಕೊನೆಯ ಹಂತದಲ್ಲಿತ್ತು. ಅವರು ಹೃದಯದ ನಾಲ್ಕೂ ಕೋಣೆಗೆ ತಂತಿ ಕೊಟ್ಟು ಎಡ-ಬಲ ಒಟ್ಟಿಗೆ ಹಿಂಡುವಂತೆ ಮಾಡಿದರು. ಆರು ವಾರದಲ್ಲಿ ಮೈಯಲ್ಲಿ ತುಂಬಿಕೊಂಡಿದ್ದ ನೀರು ಇಳಿದು ರೋಗಿಯ ತೂಕ 17 ಕೆಜಿ ಕಡಿಮೆಯಾಯ್ತು!

ಎಡ ಕೋಣೆಯೊಳಗೆ ತಂತಿ ಇಟ್ಟರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗುವ ಭಯ. ಹಾಗಾಗಿ ಎದೆ ತೆರೆದು ಹೊರಗಿನಿಂದ ಹಚ್ಚಬೇಕಿತ್ತು. 1998ರಲ್ಲಿ ಫ್ರಾನ್ಸಿನದೇ ದೋಬೇರ್ ತಂಡ, ಹೃದಯದ ಹೊರಮೈ ಮೇಲೆ ಹರಿಯುವ ಸಿರೆಯೊಳಗಿಂದ ತಂತಿ ತೂರಿಸಿ ಎಡಗೋಡೆ ಮುಟ್ಟಬಹುದು ಅಂತ ತೋರಿಸಿತು.

6/8
ಒಬ್ಬರಿಗೆ ಗುಣವಾದ್ರೆ ಸಾಕ್ಷಿ ಅಲ್ಲ. 2002ರಲ್ಲಿ ಮಿರಾಕಲ್ ಅನ್ನೋ ಪ್ರಯೋಗದ ಫಲಿತಾಂಶ ಬಂತು. 453 ರೋಗಿಗಳು, ಎಲ್ಲರಿಗೂ ಸಾಧನ ಹಾಕಿದ್ದರು. ಒಂದು ಗುಂಪಿನಲ್ಲಿ ಆನ್, ಇನ್ನೊಂದರಲ್ಲಿ ಆಫ್. ಯಾರದ್ದು ಯಾವುದು ಅಂತ ರೋಗಿಗೂ ಗೊತ್ತಿಲ್ಲ. ಆರು ತಿಂಗಳ ನಂತರ ಆರು ನಿಮಿಷದ ನಡಿಗೆ ಅಳೆದರು. ಆಫ್ ಇದ್ದವರು ಮೊದಲಿಗಿಂತ 10 ಮೀಟರ್ ಹೆಚ್ಚು ನಡೆದರು. ಆನ್ ಇದ್ದವರು 39 ಮೀಟರ್.

29 ಮೀಟರ್ ವ್ಯತ್ಯಾಸ ಅಷ್ಟೇನಾ ಅಂತೀರಾ? ಹಾಸಿಗೆಯಿಂದ ಬಚ್ಚಲಿಗೆ ಹೋಗೋದೇ ಕಷ್ಟ ಆದವರನ್ನ ಕೇಳಿ.

2005ರಲ್ಲಿ ಯುರೋಪಿನ ಕೇರ್-ಎಚ್‌ಎಫ್ ಪ್ರಯೋಗ ಇನ್ನೂ ದೊಡ್ಡ ಪ್ರಶ್ನೆಗೆ ಉತ್ತರ ಕೊಟ್ಟಿತು. 813 ರೋಗಿಗಳು. ಸರಾಸರಿ ಎರಡೂವರೆ ವರ್ಷದಲ್ಲಿ, ಬರೀ ಔಷಧಿ ಪಡೆದವರಲ್ಲಿ 30% ಜನ ತೀರಿಕೊಂಡರೆ, ಈ ಸಾಧನವೂ ಇದ್ದವರಲ್ಲಿ 20%.

7/8
ಈಗ ಕಹಿ ಭಾಗ. ಹಳೇ ಪೇಸ್‌ಮೇಕರ್ ತಂತಿ ಸಾಮಾನ್ಯವಾಗಿ ಎಲ್ಲಿರುತ್ತಿತ್ತು? ಬಲ ಹೃತ್ಕುಕ್ಷಿಯಲ್ಲಿ. ಅಲ್ಲಿಂದ ಹೊರಟ ಬಡಿತಕ್ಕೆ ಹೆದ್ದಾರಿ ಸಿಗಲ್ಲ, ಸ್ನಾಯುವಿನ ಕಾಲುದಾರಿಯಲ್ಲೇ ಬಲದಿಂದ ಎಡಕ್ಕೆ ನಿಧಾನ ಸಾಗಬೇಕು. ಅಂದ್ರೆ ಎಡ ಕವಲು ಕಟ್ಟಿದ ಹಾಗೆಯೇ ಆಯ್ತಲ್ಲ!

2002ರ ಡೇವಿಡ್ ಪ್ರಯೋಗದಲ್ಲಿ 506 ಮಂದಿ ಇದ್ದರು. ಎಲ್ಲರ ಹೃದಯವೂ ದುರ್ಬಲ, ಆದ್ರೆ ನಿಧಾನ ಬಡಿತದ ತೊಂದರೆ ಇಲ್ಲ. ಒಂದು ಗುಂಪಿನ ಯಂತ್ರ ಬಡಿತ 40ಕ್ಕಿಂತ ಇಳಿದ್ರೆ ಮಾತ್ರ ಕೈಹಾಕುತ್ತಿತ್ತು. ಇನ್ನೊಂದು ಗುಂಪಿನದ್ದು 70ಕ್ಕಿಂತ ಇಳಿಯೋಕೆ ಬಿಡುತ್ತಿರಲಿಲ್ಲ. ಹೆಚ್ಚು ಸಹಾಯ ಸಿಕ್ಕವರೇ ಗೆಲ್ಲಬೇಕಿತ್ತು. ಆದ್ರೆ ಒಂದು ವರ್ಷದಲ್ಲಿ ಸಾವಾಗಲಿ, ಹಾರ್ಟ್ ಫೇಲ್ಯೂರ್‌ಗೆ ಆಸ್ಪತ್ರೆ ಸೇರೋದಾಗಲಿ ಇಲ್ಲದೆ ಉಳಿದವರು ಮೊದಲ ಗುಂಪಿನಲ್ಲಿ 83.9%, ಎರಡನೆಯದರಲ್ಲಿ 73.3%.

ಬೇಜಾರಿನ ಸಂಗತಿ ಏನಂದ್ರೆ, ಇದರ ಸುಳಿವು ಹಳೆಯದು. 1925ರಲ್ಲೇ ಕಾರ್ಲ್ ವಿಗ್ಗರ್ಸ್ ನಾಯಿಗಳ ಹೃದಯದ ಮೇಲೆ ಪ್ರಯೋಗ ಮಾಡಿ, ಸಹಜ ದಾರಿ ಬಿಟ್ಟು ಬೇರೆಡೆಯಿಂದ ಬಡಿತ ಕೊಟ್ಟರೆ ಹಿಂಡುವ ಬಲ ಕುಗ್ಗುತ್ತೆ ಅಂತ ತೋರಿಸಿದ್ದರು. ಆದ್ರೆ ಲಾರ್ಸನ್‌ರಂಥವರು ಬೀಳುತ್ತಿದ್ದಾಗ, ಬಡಿತವನ್ನ ಉಳಿಸೋದೇ ಮೊದಲ ಕೆಲಸವಾಗಿತ್ತು. ಅದು ತಪ್ಪಲ್ಲ. ಅಲ್ಲಿಗೇ ಮುಗೀತು ಅಂದುಕೊಂಡಿದ್ದು ತಪ್ಪು.

8/8
ಮನೇಲಿ ಅಜ್ಜನಿಗೋ ದೊಡ್ಡಮ್ಮನಿಗೋ ಪೇಸ್‌ಮೇಕರ್ ಇದ್ರೆ ಇದನ್ನ ಓದಿ ಹೆದರಿಸಬೇಡಿ. ಬಡಿತ ನಿಲ್ಲುವ ಅಪಾಯ ಇರುವವರಿಗೆ ಅದು ಜೀವವನ್ನೇ ಉಳಿಸಿದೆ. ಅನಗತ್ಯವಾಗಿ ಬಡಿತ ಕೊಡದ ಹಾಗೆ ಈಗಿನ ಯಂತ್ರಗಳನ್ನ ಹೊಂದಿಸಬಹುದು. ಅದಕ್ಕೇ ಡಾಕ್ಟರ್ ಹೇಳಿದ ದಿನ ಚೆಕಪ್ಪಿಗೆ ಕರ್ಕೊಂಡು ಹೋಗೋದು ಮುಖ್ಯ.

ಎರಡೂ ಬದಿಗೆ ಬಡಿತ ಕೊಡುವ ಸಾಧನವೂ ಎಲ್ಲರಿಗೂ ಫಲ ಕೊಡಲ್ಲ. ಸುಮಾರು ಮೂರರಲ್ಲಿ ಒಬ್ಬರಿಗೆ ನಿರೀಕ್ಷಿಸಿದಷ್ಟು ಲಾಭ ಆಗಲ್ಲ. ಹಾಗಾಗಿ ಹುಡುಕಾಟ ನಿಂತಿಲ್ಲ. 2000ದಲ್ಲಿ ಪ್ರಮೋದ್ ದೇಶಮುಖ್ ಮತ್ತು ಸಂಗಡಿಗರು ನೇರವಾಗಿ ಹಿಸ್ ಕಟ್ಟಿಗೇ ತಂತಿ ಹಚ್ಚಿದ್ದನ್ನ ಪ್ರಕಟಿಸಿದರು. 2017ರಲ್ಲಿ ಚೀನಾದ ವೈಜಿಯಾನ್ ಹುವಾಂಗ್ ತಂಡ ಎಡ ಕವಲನ್ನೇ ತಲುಪಿತು. ಅಂದ್ರೆ ಹೆದ್ದಾರಿಗೇ ವಾಪಸ್.

ಇನ್ನು ಇಸಿಜಿ ಹಾಳೆ ಎಲ್ಲಾದ್ರೂ ಕಣ್ಣಿಗೆ ಬಿದ್ರೆ, ಎತ್ತರದ ಮೊನೆ ಎಷ್ಟು ಸಲ ಬಂದಿದೆ ಅಂತ ಮಾತ್ರ ನೋಡಬೇಡಿ, ಅದು ಎಷ್ಟು ಅಗಲ ಇದೆ ಅಂತಲೂ ನೋಡಿ. ಸಾಮಾನ್ಯ ವೇಗದ ಹಾಳೆಯಲ್ಲಿ ಒಂದು ಸಣ್ಣ ಚೌಕ ಅಂದ್ರೆ 40 ಮಿಲಿಸೆಕೆಂಡ್. ಮೂರು ಚೌಕಕ್ಕಿಂತ ಕಿರಿದಾಗಿದ್ರೆ ಎರಡೂ ಹಗ್ಗದವರು ಒಟ್ಟಿಗೇ ಎಳೀತಿದ್ದಾರೆ ಅಂತ ಸಾಮಾನ್ಯವಾಗಿ ಅಂದುಕೊಳ್ಳಬಹುದು. ಅಗಲವಾಗಿದ್ರೆ ನೀವೇ ತೀರ್ಪು ಕೊಡಬೇಡಿ, ಡಾಕ್ಟರನ್ನ ಕೇಳಿ. 1994ರ ಆ ರೋಗಿಯ ಮೊನೆ ಐದು ಚೌಕ ಅಗಲ ಇತ್ತು.

ಡೌಟ್ ಇದ್ರೆ ಕೆಳಗೆ ಕೇಳಿ. ಬಯಾಲಜಿ ಓದ್ತಿರೋ ಗೆಳೆಯರಿಗೆ ಕಳಿಸಿ.

#ಹೃದಯದಕಥೆ #ಪೇಸ್‌ಮೇಕರ್ #ವಿಜ್ಞಾನಇತಿಹಾಸ #ಕನ್ನಡದಲ್ಲಿವಿಜ್ಞಾನ